ಲಂಡನ್–ಪ್ಯಾರಿಸ್: ಅಂತರ ಅಲ್ಪ, ಪ್ರಯಾಣ ದೀರ್ಘ

ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವಣ ನೇರ ಅಂತರ ಸುಮಾರು 344 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಅರ್ಧ ಗಂಟೆಯ ಹಾದಿಯೂ ಅಲ್ಲ. ಆದರೆ ವೇಳಾಪಟ್ಟಿಗಳಲ್ಲಿ ಸುಮಾರು ಒಂದೂಕಾಲು ಗಂಟೆ ನಮೂದಾಗಿರುತ್ತದೆ. ನಗರದಿಂದ ನಗರಕ್ಕೆ ತಲುಪಲು ಬೇಕಾಗುವ ಕಾಲವಂತೂ ಅದರ ನಾಲ್ಕು ಪಟ್ಟು. ಒಂದೇ ಪ್ರವಾಸದಲ್ಲಿ ಎರಡೂ ನಗರಗಳ ಖರೀದಿದಾರರನ್ನು ಕಾಣಬಯಸುವ ಉದ್ಯಮಿಗಳು ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯ.

ವೇಳಾಪಟ್ಟಿಯ ಲೆಕ್ಕ

ವೇಳಾಪಟ್ಟಿಯ ಅವಧಿಯೆಂದರೆ ಕೇವಲ ಹಾರಾಟದ ಸಮಯವಲ್ಲ. ವಿಮಾನವು ತನ್ನ ನಿಲುಗಡೆಯಿಂದ ಕದಲಿ, ರನ್‌ವೇ ಸರದಿಗೆ ಕಾದು, ಹಾರಿ, ಇಳಿದು, ಮತ್ತೊಂದು ನಿಲುಗಡೆ ಸೇರುವವರೆಗಿನ ಕಾಲವೆಲ್ಲ ಅದರಲ್ಲಿ ಅಡಕವಾಗಿದೆ. ಇದಲ್ಲದೆ ಪ್ಯಾರಿಸ್‌ನ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದು. ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟ ವಿಮಾನ ಟಿಕೆಟ್ಟಿನ ಪ್ರಕಾರ 12.15ಕ್ಕೆ ಪ್ಯಾರಿಸ್ ಸೇರುತ್ತದೆ. ಮರುದಿನ 10ಕ್ಕೆ ಪ್ಯಾರಿಸ್ ಬಿಟ್ಟದ್ದು 10.15ಕ್ಕೇ ಲಂಡನ್ ತಲುಪುತ್ತದೆ! ಎರಡೂ ಪ್ರಯಾಣಗಳ ಅವಧಿ ಒಂದೇ.

ವಿಮಾನವೋ, ರೈಲೋ?

ಹೀಥ್ರೂ ಹಾಗೂ ಷಾರ್ಲ್ ದ ಗಾಲ್ ನಿಲ್ದಾಣಗಳೆರಡೂ ನಗರಗಳ ನಡುಭಾಗದಿಂದ 20 ಕಿ.ಮೀ.ಗೂ ದೂರದಲ್ಲಿವೆ. ನಿಲ್ದಾಣ ಸೇರಲು ಒಂದು ಗಂಟೆ, ತಪಾಸಣೆಗಾಗಿ ಎರಡು ಗಂಟೆ, ಇಳಿದ ಬಳಿಕ ನಗರ ಸೇರಲು ಮತ್ತೆ ಒಂದು ಗಂಟೆಗೂ ಮೇಲೆ ಹಿಡಿದರೆ ಒಟ್ಟು ಐದು ಗಂಟೆ ಮೀರುತ್ತದೆ. 12.15ರ ಆಗಮನವನ್ನು ನಂಬಿ ಒಂದು ಗಂಟೆಗೆ ಭೇಟಿ ಗೊತ್ತುಪಡಿಸಿದವರು ಖರೀದಿದಾರನ ವಿಶ್ವಾಸವನ್ನೇ ಕಳೆದುಕೊಳ್ಳಬೇಕಾದೀತು.

1994ರಲ್ಲಿ ಆರಂಭವಾದ ಯೂರೋಸ್ಟಾರ್ ರೈಲು 50 ಕಿ.ಮೀ. ಉದ್ದದ ಚಾನೆಲ್ ಸುರಂಗದ ಮೂಲಕ ಸಾಗುತ್ತದೆ. ಮೊದಲು ಸುಮಾರು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ, 2007ರಲ್ಲಿ ಇಂಗ್ಲೆಂಡಿನ ಅತಿವೇಗದ ಮಾರ್ಗ ಪೂರ್ಣಗೊಂಡ ಮೇಲೆ ಎರಡೂಕಾಲು ಗಂಟೆಯ ಆಸುಪಾಸಿಗೆ ಇಳಿಯಿತು. ನಿಲ್ದಾಣಗಳು ನಗರದೊಳಗೇ ಇವೆ. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಹೊರಡುವ ಮುನ್ನವೇ ಮುಗಿಯುತ್ತದೆ. ಅದಕ್ಕಾಗಿ ಒಂದು–ಒಂದೂವರೆ ಗಂಟೆ ಮುಂಚಿತವಾಗಿ ಹೋದರೂ ಒಟ್ಟು ನಾಲ್ಕು ಗಂಟೆಯ ಸುಮಾರಿಗೆ ಪ್ಯಾರಿಸ್ ಸೇರಬಹುದು.

ಎರಡು ವೀಸಾ, ಎರಡು ಸುಂಕಗಡಿ

ಬ್ರಿಟನ್ ಷೆಂಗೆನ್ ಒಕ್ಕೂಟಕ್ಕೆ ಸೇರಿಲ್ಲವಾದ್ದರಿಂದ ಭಾರತೀಯರಿಗೆ ಎರಡು ಪ್ರತ್ಯೇಕ ವೀಸಾಗಳು ಬೇಕು. ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗಿ ಪುನಃ ಪ್ಯಾರಿಸ್ ನಗರಕ್ಕೆ ಬರುವುದಿದ್ದಲ್ಲಿ, ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಬಾರಿಯ ಪ್ರವೇಶಕ್ಕೆ ಅವಕಾಶ ನೀಡುವಂತಿರಬೇಕು.

2021ರ ಜನವರಿ 1ರಿಂದ ಈ ನಗರಗಳ ನಡುವೆ ಸುಂಕದ ಗಡಿಯೂ ಏರ್ಪಟ್ಟಿದೆ. ಪ್ರದರ್ಶನಕ್ಕೆ ಒಯ್ದು ಮರಳಿ ತರುವ ಸರಕುಗಳಿಗೆ ಎಟಿಎ ಕಾರ್ನೆಟ್ ಪಡೆದರೆ ಸುಂಕ ತೆರಬೇಕಾಗುವುದಿಲ್ಲ; ಭಾರತದಲ್ಲಿ ಇದನ್ನು ಎಫ್‌ಐಸಿಸಿಐ ನೀಡುತ್ತದೆ. ಆದರೆ ಪ್ರತಿ ಗಡಿಯಲ್ಲೂ ಸುಂಕಾಧಿಕಾರಿಯ ಮುದ್ರೆ ಹಾಕಿಸುವುದು ಕಡ್ಡಾಯ. ಹೊರಡುವ ನಿಲ್ದಾಣದಲ್ಲಿ ಆ ಸೌಲಭ್ಯವಿದೆಯೇ ಎಂದು ಮೊದಲೇ ವಿಚಾರಿಸಿ, ಅದಕ್ಕೆ ತಗಲುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಟಿಕೆಟ್ ಕಾಯ್ದಿರಿಸುವುದು ಲೇಸು.