ಶಾ ಬಾನೊ ತೀರ್ಪು: ಸಚಿವರೊಬ್ಬರ ರಾಜೀನಾಮೆ

ಮತಬ್ಯಾಂಕ್ ಕೈತಪ್ಪುವ ಭಯ ಪಕ್ಷಕ್ಕೆ. ಸದನದಲ್ಲಿ ಆಡಿದ ಮಾತು ಉಳಿಸಿಕೊಳ್ಳುವ ಹೊಣೆ ಸಚಿವರಿಗೆ. ಗೆದ್ದದ್ದು ಯಾವುದು?

1985ರ ಏಪ್ರಿಲ್. ಇಂದೋರಿನ ವಿಚ್ಛೇದಿತೆ ಶಾ ಬಾನೊಗೆ ಮಾಜಿ ಪತಿ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ತಿರುಗಿಬಿತ್ತು. ಲೋಕಸಭೆಯಲ್ಲಿ ತೀರ್ಪಿನ ಪರ ಗಟ್ಟಿಯಾಗಿ ನಿಂತವರು ರಾಜೀವ್ ಗಾಂಧಿ ಸರ್ಕಾರದ ರಾಜ್ಯ ಸಚಿವ ಆರಿಫ್ ಮೊಹಮ್ಮದ್ ಖಾನ್.

ಡಿಸೆಂಬರಿನಲ್ಲಿ ಕಿಶನ್‌ಗಂಜ್ ಉಪಚುನಾವಣೆ, ಕಾಂಗ್ರೆಸ್‌ಗೆ ಸೋಲು. ಮುಸ್ಲಿಂ ಮತ ಕೈತಪ್ಪುವ ಭಯದಲ್ಲಿ ಸರ್ಕಾರ ನಿಲುವು ಬದಲಿಸಿತು. 1986ರ ಫೆಬ್ರವರಿಯಲ್ಲಿ ತೀರ್ಪನ್ನು ಬದಿಗಿಡುವ ಮಸೂದೆ ಬಂತು.

ಆರಿಫ್ ರಾಜೀನಾಮೆ ಕೊಟ್ಟರು.

ಮೇ ತಿಂಗಳಲ್ಲಿ ಮಸೂದೆ ಕಾಯ್ದೆಯಾಯಿತು. ಆದರೆ 2001ರಲ್ಲಿ, ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದೇ ಕಾಯ್ದೆಯನ್ನು ವ್ಯಾಖ್ಯಾನಿಸಿ, ವಿಚ್ಛೇದಿತೆಯ ಮುಂದಿನ ಬದುಕಿಗೂ ಸಾಲುವಷ್ಟನ್ನು ಪತಿ ಇದ್ದತ್ (ವಿಚ್ಛೇದನದ ನಂತರ ಕಾಯಬೇಕಾದ) ಅವಧಿಯೊಳಗೇ ಒದಗಿಸಬೇಕೆಂದಿತು.