ಮೂರನೆಯ ನುಡಿಗೆ ಮೊದಲ ಓದು

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರ ಮನೆಮಾತು ಕನ್ನಡ. ಊರ ಮಾತು ತಮಿಳು. ಅಲ್ಲಿಯ ಮಗುವಿಗೆ ಇಂಗ್ಲಿಷು ಮೂರನೆಯ ನುಡಿ. ಹಿಮದ ನಾಡಿನ ಕಥೆಯನ್ನು ಕೊಟ್ಟರೆ ಪದವೂ ಹೊಸತು, ಪದಾರ್ಥವೂ ಹೊಸತು. ಎರಡು ಹೊರೆಯನ್ನು ಮಗು ಒಮ್ಮೆಗೇ ಹೊರಲಾರದು. ಆದುದರಿಂದ ಕಂಡರಿತ ವಿಷಯವನ್ನೇ ಓದಿಗೆ ಆರಿಸತಕ್ಕದ್ದು. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟು, ಅದನ್ನು ಕಟ್ಟಿಸಿದ ಪೆನ್ನಿಕ್ವಿಕ್, ಕಂಬಂ ದ್ರಾಕ್ಷಿ, ಬೋಡಿನಾಯಕ್ಕನೂರಿನ ಏಲಕ್ಕಿ, ದಿಂಡಿಗಲ್ಲಿನ ಬೀಗ — ಇವನ್ನು ಕುರಿತು ಶಿಕ್ಷಕರೇ ಹತ್ತು ಸರಳ ವಾಕ್ಯಗಳನ್ನು ಬರೆದುಕೊಡಬಹುದು. ಪುಟವೊಂದರಲ್ಲಿ ಅರಿಯದ ಪದ ಐದನ್ನು ಮೀರಿದರೆ ಅದನ್ನು ಮುಂದಿನ ತರಗತಿಗೆ ಬಿಡುವುದು ಲೇಸು. ಮಗು ಮೊದಲು ವಿಷಯವನ್ನು ಮನೆಮಾತಿನಲ್ಲಿ ಹೇಳಲಿ. ಬಳಿಕ ಇಂಗ್ಲಿಷಿನಲ್ಲಿ ಓದಲಿ. ಮನೆಯೊಳಗೇ ಉಳಿದ ಕನ್ನಡಕ್ಕೂ ಆಗ ಪಾಠದಲ್ಲಿ ಒಂದು ಸ್ಥಾನ ದೊರೆಯುತ್ತದೆ.