ಸಾಕುನಾಯಿಯಲ್ಲಿ ಅಡ್ರಿನಲ್ ಕೊರತೆ: ಲಕ್ಷಣ ಮತ್ತು ಆರೈಕೆ

ಮನೆಯ ನಾಯಿ ಎರಡು ದಿನ ಅನ್ನ ಮುಟ್ಟದೆ ಮೂಲೆ ಹಿಡಿದು ಮಲಗಿದರೆ, ಏನೋ ತಿಂದಿರಬೇಕೆಂದು ನಾವು ಸುಮ್ಮನಾಗುತ್ತೇವೆ. ವಾಂತಿ, ಭೇದಿ ಹೆಚ್ಚಾದಾಗ ಪಶುವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ಡ್ರಿಪ್ ಹಾಕಿಸಿದ ಮೇಲೆ ಅದು ಚೇತರಿಸಿಕೊಂಡು ಬಾಲ ಅಲ್ಲಾಡಿಸುತ್ತ ಮನೆಗೆ ಮರಳುತ್ತದೆ. ಕೆಲವು ವಾರಗಳಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. ಹೀಗೆ ಬಂದು ಹೋಗುವ ಅಸ್ವಸ್ಥತೆಯ ಹಿಂದೆ ಅಡ್ರಿನಲ್ ಗ್ರಂಥಿಗಳ ಕೊರತೆ ಅಡಗಿರಬಹುದು. ಮನುಷ್ಯರಲ್ಲಿ ಈ ವ್ಯಾಧಿಯನ್ನು 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ವಿವರಿಸಿದರು. ಆದುದರಿಂದ ನಾಯಿಗಳಲ್ಲಿಯೂ ಇದನ್ನು ಅಡಿಸನ್ ಕಾಯಿಲೆಯೆಂದೇ ಕರೆಯುತ್ತಾರೆ.

ಗ್ರಂಥಿಗಳ ಕಾರ್ಯ

ಎರಡು ಮೂತ್ರಪಿಂಡಗಳ ಬಳಿ ಒಂದೊಂದು ಪುಟ್ಟ ಅಡ್ರಿನಲ್ ಗ್ರಂಥಿಯಿದೆ. ಇವುಗಳ ಹೊರಪದರದಲ್ಲಿ ಉತ್ಪತ್ತಿಯಾಗುವ ಕಾರ್ಟಿಸೋಲ್, ಭಯ, ಆಯಾಸ, ರೋಗಗಳನ್ನು ತಾಳಿಕೊಳ್ಳುವ ಶಕ್ತಿಯನ್ನು ದೇಹಕ್ಕೆ ನೀಡುತ್ತದೆ. ಆಲ್ಡೋಸ್ಟಿರೋನ್ ಎಂಬ ಇನ್ನೊಂದು ರಸವು ಸೋಡಿಯಂ ಅನ್ನು ಉಳಿಸಿಕೊಂಡು ಹೆಚ್ಚಿನ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಬಹುತೇಕ ಸಂದರ್ಭಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಈ ಹೊರಪದರವನ್ನು ನಾಶಮಾಡುತ್ತದೆ. ಆಗ ದೇಹದ ನೀರೂ ಲವಣವೂ ಕಡಿಮೆಯಾಗಿ, ಪೊಟ್ಯಾಸಿಯಂ ಏರಿ ಹೃದಯದ ಗತಿ ಕುಂಠಿತವಾಗುತ್ತದೆ.

ಲಕ್ಷಣಗಳು

ಎಳೆಯ ಹಾಗೂ ಮಧ್ಯವಯಸ್ಸಿನ ಹೆಣ್ಣುನಾಯಿಗಳಲ್ಲಿ ಈ ವ್ಯಾಧಿ ಹೆಚ್ಚು. ಹಸಿವಿಲ್ಲದಿರುವುದು, ತೂಕ ಇಳಿಯುವುದು, ಮೈ ನಡುಗುವುದು, ಅತಿಯಾಗಿ ನೀರು ಕುಡಿಯುವುದು ಇದರ ಸೂಚನೆಗಳು. ದೀಪಾವಳಿಯ ಪಟಾಕಿ ಸದ್ದು, ಪ್ರಯಾಣ, ಮನೆಯವರ ಅಗಲಿಕೆ ಮುಂತಾದ ಸಂದರ್ಭಗಳಲ್ಲಿ ಇವು ಉಲ್ಬಣಿಸುತ್ತವೆ. ನಾಯಿ ಕುಸಿದು ಬಿದ್ದು, ಮೈ ತಣ್ಣಗಾಗಿ, ನಾಡಿ ನಿಧಾನವಾದರೆ ಅದು ಪ್ರಾಣಾಪಾಯದ ಸ್ಥಿತಿ. ಮನೆಮದ್ದಿನಲ್ಲಿ ಕಾಲ ಕಳೆಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಪರೀಕ್ಷೆ

ಈ ಕಾಯಿಲೆಯಲ್ಲಿ ರಕ್ತದ ಯೂರಿಯಾ, ಕ್ರಿಯಾಟಿನಿನ್ ಏರುವುದರಿಂದ ಮೂತ್ರಪಿಂಡಗಳೇ ಕೆಟ್ಟಿವೆಯೆಂದು ಭ್ರಮಿಸುವ ಸಂಭವವುಂಟು. ಆಸೆ ಕೈಬಿಡುವ ಮೊದಲು ಸೋಡಿಯಂ, ಪೊಟ್ಯಾಸಿಯಂ ಮತ್ತು ಕಾರ್ಟಿಸೋಲ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳೋಣ. ಸೋಡಿಯಂ ಪ್ರಮಾಣವು ಪೊಟ್ಯಾಸಿಯಂನ 27 ಪಟ್ಟಿಗಿಂತ ಕಡಿಮೆಯಿದ್ದರೆ ಸಂದೇಹ ಬಲಗೊಳ್ಳುತ್ತದೆ. ಕೆಲವು ನಾಯಿಗಳಲ್ಲಿ ಇವೆರಡೂ ಸರಿಯಾಗಿಯೇ ಇದ್ದು ಕಾರ್ಟಿಸೋಲ್ ಮಾತ್ರ ಕಡಿಮೆಯಿರುತ್ತದೆ. ಎಸಿಟಿಎಚ್ ಚುಚ್ಚುಮದ್ದು ಕೊಡುವ ಮೊದಲು ಮತ್ತು ಕೊಟ್ಟ ಒಂದು ಗಂಟೆಯ ನಂತರ ರಕ್ತ ಪರೀಕ್ಷಿಸಿ ರೋಗವನ್ನು ನಿರ್ಧರಿಸುತ್ತಾರೆ. ಪ್ರೆಡ್ನಿಸೋಲೋನ್ ಈ ಫಲಿತಾಂಶವನ್ನು ತಪ್ಪಿಸುವುದರಿಂದ, ನಾಯಿಗೆ ಮೊದಲೇ ಕೊಟ್ಟಿರುವ ಔಷಧಿಗಳೆಲ್ಲವನ್ನೂ ವೈದ್ಯರಿಗೆ ತಿಳಿಸಬೇಕು.

ಆರೈಕೆ

ಗ್ರಂಥಿಗಳು ನಾಶವಾಗಿದ್ದರೆ ಚಿಕಿತ್ಸೆ ಆಜೀವಪರ್ಯಂತ ಸಾಗಬೇಕು. ಲವಣದ ಸಮತೋಲಕ್ಕೆ ಫ್ಲೂಡ್ರೊಕಾರ್ಟಿಸೋನ್ ಮಾತ್ರೆಯನ್ನು, ಕಾರ್ಟಿಸೋಲ್‌ನ ಬದಲಿಗೆ ಅಲ್ಪ ಪ್ರಮಾಣದ ಪ್ರೆಡ್ನಿಸೋಲೋನನ್ನು ಸಾಮಾನ್ಯವಾಗಿ ಕೊಡುತ್ತಾರೆ. ಆಗಾಗ ರಕ್ತ ಪರೀಕ್ಷಿಸಿ ಪ್ರಮಾಣವನ್ನು ಸರಿಹೊಂದಿಸುತ್ತಾರೆ. ಊರಿಗೆ ಹೋಗುವಾಗ, ಹಬ್ಬದ ಗದ್ದಲದಲ್ಲಿ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಪ್ರೆಡ್ನಿಸೋಲೋನನ್ನು ತಾತ್ಕಾಲಿಕವಾಗಿ ಹೆಚ್ಚಿಸಬೇಕಾಗಬಹುದು. ಎಷ್ಟೆಂಬುದನ್ನು ಮೊದಲೇ ವೈದ್ಯರಿಂದ ಬರೆಸಿಟ್ಟುಕೊಳ್ಳುವುದು ಲೇಸು.

ಇಲ್ಲಿ ನಮ್ಮಿಂದಲೇ ಆಗುವ ಒಂದು ತಪ್ಪನ್ನೂ ಹೇಳಬೇಕು. ತುರಿಕೆಗೆಂದು ಹಲವು ವಾರ ಸ್ಟಿರಾಯ್ಡ್ ಮಾತ್ರೆ ಕೊಟ್ಟಾಗ ನಾಯಿಯ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿಕೊಂಡಿರುತ್ತವೆ. ತುರಿಕೆ ನಿಂತಿತೆಂದು ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಆರೋಗ್ಯವಂತ ನಾಯಿಯೂ ಕಾರ್ಟಿಸೋಲ್ ಕೊರತೆಗೆ ಒಳಗಾಗುತ್ತದೆ. ವೈದ್ಯರು ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಇಳಿಸಿದರೆ ಗ್ರಂಥಿಗಳು ಸಾಮಾನ್ಯವಾಗಿ ಮತ್ತೆ ಎಚ್ಚೆತ್ತುಕೊಳ್ಳುತ್ತವೆ.

ಸಕಾಲದಲ್ಲಿ ಗುರುತಿಸಿ ತಪ್ಪದೆ ಔಷಧಿ ಕೊಟ್ಟರೆ ಈ ನಾಯಿಗಳು ಬಹುಪಾಲು ಎಲ್ಲ ನಾಯಿಗಳಂತೆಯೇ ಆಡಿಕೊಂಡು ಬಾಳುತ್ತವೆ. ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವಕ್ಕೆ ನಮ್ಮ ಗಮನವೇ ಮಾತಾಗಬೇಕು. ಡ್ರಿಪ್‌ನಿಂದ ಗುಣವಾಯಿತೆಂದು ಮರೆತುಬಿಡದೆ, ತೊಂದರೆ ಮರುಕಳಿಸಿದ ದಿನಗಳನ್ನು ಬರೆದಿಟ್ಟು ವೈದ್ಯರ ಮುಂದಿಡುವುದು ನಾವು ಮಾಡಬಹುದಾದ ಮೊದಲ ಸೇವೆ.